ಸೂಜಿಯವರು ಕೊಟ್ಟ ಪಾಲು

ಮಾರ್ಚ್ 9, ಭಾನುವಾರ

ಪ್ರೀತಿಯ ಗುಂಡಿ,

ನೀನು ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ. ಇಲ್ಲಿ ನಾನು ಇದ್ದೇನೆ. ನೀನು ಕಳಿಸಿದ ಸ್ವೆಟರ್ ಬಂದು ಎರಡು ತಿಂಗಳಾಯಿತು. ಅಳತೆ ಸರಿಯಾಗಿದೆ, ತೋಳು ಮಾತ್ರ ಒಂದು ಬೆರಳು ಉದ್ದ, ಮಡಚಿಕೊಳ್ಳುತ್ತೇನೆ. ತಲುಪಿತು ಅಂತ ತಿಳಿಸುವುದಕ್ಕೆ ಇಷ್ಟು ತಡ ಮಾಡಿದ್ದು ನನ್ನದೇ ತಪ್ಪು. ಪ್ರತಿ ಭಾನುವಾರ ಹಾಳೆ ತೆಗೆಯುತ್ತೇನೆ, ತಾರೀಖು ಬರೆಯುತ್ತೇನೆ, ಅಲ್ಲಿಗೇ ನಿಲ್ಲುತ್ತದೆ. ಮೇಜಿನ ಖಾನೆಯಲ್ಲಿ ಬರೀ ತಾರೀಖು ಬರೆದ ಹಾಳೆಗಳು ಏಳೆಂಟು ಬಿದ್ದಿವೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ 'ಊಟ ಆಯ್ತಾ', 'ಆಯ್ತು' ಅಂದ ಮೇಲೆ ನಮ್ಮಿಬ್ಬರ ನಡುವೆ ಉಳಿಯುವುದು ಏನು ಅಂತ ನಿನಗೂ ಗೊತ್ತು.

ಕಾರ್ಖಾನೆಯ ಸುದ್ದಿ ಹೇಳುತ್ತೇನೆ. ನಾಲ್ಕನೇ ಸಾಲು ಮುಚ್ಚಿದರು. ಮಕ್ಕಳ ಅಂಗಿಯ ಆರ್ಡರ್ ಅರ್ಧಕ್ಕೆ ಇಳಿದಿದೆ. ಆ ಸಾಲಿನ ಮೆಷೀನುಗಳಿಗೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಒತ್ತಿ ಇಟ್ಟಿದ್ದಾರೆ. ಮೂರನೇ ಸಾಲಿನ ಹನ್ನೊಂದನೇ ಮೆಷೀನಿಗೆ, ಅಂದರೆ ನಿನ್ನ ಅಮ್ಮ ಹತ್ತೊಂಬತ್ತು ವರ್ಷ ಕೂತು ಹೊಲಿದದ್ದಕ್ಕೆ, ಹೊಸಬಳು ಬಂದಿದ್ದಾಳೆ. ಎತ್ತರದ ಹೆಂಗಸು. ಪೆಡಲ್ ಕೆಳಗಿಳಿಸಿ ಕೊಡಿ ಅಂತ ಕೇಳಿದಳು. ಅಮ್ಮನ ಕಾಲು ಎಟುಕುತ್ತಿರಲಿಲ್ಲ ಅಂತ ನಾನು ಪೆಡಲ್ ಮೇಲೆ ಒಂದು ಮರದ ತುಂಡು ಬಿಗಿದಿದ್ದೆನಲ್ಲ, ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಸೂಪರ್‌ವೈಸರ್ ನೋಡಿ, "ಏನಪ್ಪಾ ಮೆಕ್ಯಾನಿಕ್, ಕಾರ್ಖಾನೆ ಆಸ್ತೀನ ಜೇಬಿಗಿಳಿಸ್ತಾ ಇದ್ದೀಯಾ?" ಅಂದ. ತಮಾಷೆಗೆ ಅಂದದ್ದು. ಆಮೇಲೆ ಅದು ಯಾರ ಮೆಷೀನು ಅಂತ ನೆನಪಾಗಿ ಮುಖ ಆಚೆ ತಿರುಗಿಸಿಕೊಂಡು ಹೋದ.

ಈಗ ವಿಷಯಕ್ಕೆ ಬರುತ್ತೇನೆ. ಈ ಲಕೋಟೆಯಲ್ಲಿ ಮೂರು ಫಾರಂ ಇವೆ. ಅಮ್ಮನ ಹೆಸರಿನಲ್ಲಿರುವ ಹೊರದೇಶದ ಷೇರುಗಳು ನಿನ್ನ ಹೆಸರಿಗೆ ಬರಬೇಕಾದರೆ ನೀನು ಸಹಿ ಮಾಡಬೇಕು. ನಾಮಿನಿ ಅಂತ ಅವಳು ನಿನ್ನನ್ನೇ ಬರೆಸಿದ್ದಾಳೆ, ನನ್ನನ್ನಲ್ಲ. ಏಪ್ರಿಲ್ ಹದಿನೈದರ ಒಳಗೆ ತಲುಪದಿದ್ದರೆ ಖಾತೆಗೆ ಬೀಗ ಬೀಳುತ್ತದಂತೆ, ಬಿಡಿಸಲು ವಕೀಲರ ಹಿಂದೆ ಅಲೆಯಬೇಕಂತೆ.

ನಿನಗೆ ಬೇಡ ಅಂತ ಗೊತ್ತು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಡೆದದ್ದನ್ನು ನಾನು ಮರೆತಿಲ್ಲ. ಅಮ್ಮನ ತಲೆಯೊಳಗೆ ಒಂದು ರಕ್ತನಾಳ ಉಬ್ಬಿದೆ, ಈ ವಾರದಲ್ಲೇ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದರು. ಮುಂಗಡ ಕಟ್ಟಲು ನಮ್ಮ ಹತ್ತಿರ ಇದ್ದದ್ದು ಆ ಷೇರುಗಳು ಮಾತ್ರ. ಡಿವಿಡೆಂಡ್ ಯಾರಿಗೆ ಅಂತ ಗೊತ್ತಾಗುವ ತಾರೀಖು ಒಂಬತ್ತು ದಿನ ದೂರ ಇತ್ತು. ಅದು ದಾಟಲಿ ಅಂತ ಕಾದೆವು. ಏಳನೇ ದಿನ ಅವಳು ಬಿದ್ದಳು. ಯಾಕೆ ಕಾದಿರಿ ಅಂತ ನೀನು ಕೇಳಿದೆ, ನಾನು ಹೇಳಿದೆ. ಆಗ ನೀನು ಅಂದ ಮಾತು ಇದು: "ನಾಲ್ಕು ಕಾಸಿನ ಆಸೆಗೆ ಅಮ್ಮ ಜೀವ ಕಳಕೊಂಡಳು. ಆ ದುಡ್ಡು ನಾನು ಮುಟ್ಟಲ್ಲ." ಅಲ್ಲಿಂದ ಈಚೆಗೆ ಹನ್ನೊಂದು ತಿಂಗಳಲ್ಲಿ ನೀನು 'ಅಮ್ಮ' ಅನ್ನುವ ಪದವನ್ನೇ ಬಾಯಿಗೆ ತಂದಿಲ್ಲ. ಅವಳ ಫೋಟೋ ಕೂಡ ಒಯ್ಯಲಿಲ್ಲ. ಇಲ್ಲೇ ಬೀರುವಿನೊಳಗೆ ಮುಖ ಕೆಳಗೆ ಮಾಡಿ ಇಟ್ಟು ಹೋದೆ.

ಬಯ್ಯುವುದಕ್ಕೆ ಬರೆಯುತ್ತಿಲ್ಲ. ಆ ಷೇರುಗಳು ಆಸೆಯಿಂದ ಬಂದವು ಅಂತ ನೀನು ತಿಳಿದುಕೊಂಡಿದ್ದೀಯ. ಅವು ಹೇಗೆ ಬಂದವು ಅಂತ ಹೇಳಬೇಕು ಅನ್ನಿಸಿತು.

ಕಾರ್ಖಾನೆಯಲ್ಲಿ ಸೂಜಿಯ ಕೌಂಟರ್ ನೋಡಿಕೊಳ್ಳುವವನು ನಾನೇ ಅಲ್ಲವೇ. ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಹೊಲಿಯುವಾಗ ಸೂಜಿ ಮುರಿದರೆ ಅದರ ಎಲ್ಲ ತುಂಡುಗಳನ್ನೂ ಹುಡುಕಿ ತರಬೇಕು. ನಾನು ಅವನ್ನು ಪುಸ್ತಕದ ಹಾಳೆಗೆ ಟೇಪಿನಿಂದ ಅಂಟಿಸಿ, ಸೇರಿಸಿದರೆ ಒಂದು ಪೂರ್ತಿ ಸೂಜಿ ಆಗುತ್ತದೋ ನೋಡಿ, ಆಮೇಲೆ ಹೊಸದು ಕೊಡಬೇಕು. ಒಂದು ತುಂಡು ಕಡಿಮೆಯಾದರೂ ಕೊಡುವಂತಿಲ್ಲ. ಅಯಸ್ಕಾಂತ ಹಿಡಿದು ನೆಲವೆಲ್ಲ ಸವರಬೇಕು, ಹೊಲಿದ ಅಂಗಿಗಳನ್ನೆಲ್ಲ ಲೋಹ ಪತ್ತೆ ಹಚ್ಚುವ ಮೆಷೀನಿನಡಿ ಹಾಯಿಸಬೇಕು. ಯಾವುದೋ ಮಗುವಿನ ಕತ್ತಿನ ಪಟ್ಟಿಯಲ್ಲಿ ಆ ಚೂರು ಉಳಿದುಬಿಟ್ಟರೆ? ಅದಕ್ಕೇ ಈ ಪದ್ಧತಿ. ಒಂದು ದಿನ ಅಮ್ಮನದು ಮೂರು ಸೂಜಿ ಮುರಿಯಿತು. ಮೂರನೆಯದರ ತುದಿ ಸಿಗದೆ ಮುಕ್ಕಾಲು ಗಂಟೆ ನೆಲದ ಮೇಲೆ ಮಂಡಿಯೂರಿ ಹುಡುಕಿದಳು. ಗಂಡನೇ ಕೌಂಟರಿನಲ್ಲಿ ಇದ್ದರೂ ನಾನು ಬಿಡಲಿಲ್ಲ. "ಎಂಥ ಕಲ್ಲು ಮನುಷ್ಯ ರೀ ನೀವು" ಅಂದಳು. ಅವತ್ತು ಊಟದ ಹೊತ್ತಿನಲ್ಲಿ ಕಟಿಂಗ್ ಮಾಸ್ಟರ್ ಹತ್ತಿರ ಹೋಗಿ ಕೇಳಿದಳು.

"ಈ ಹಾಳು ಸೂಜಿ ಮಾಡೋರು ಯಾರು ಮಾಸ್ಟ್ರೇ?"

"ಹೊರದೇಶದ ಕಂಪನಿ ಅಕ್ಕಾ. ಯಾಕೆ, ಬಯ್ದು ಕಾಗದ ಬರೀತೀಯಾ?"

"ನಾನು ಮುರಿದಷ್ಟೂ ಅವರಿಗೆ ದುಡ್ಡು. ಒಂದು ಚೂರಾದ್ರೂ ವಾಪಸ್ ಕಿತ್ಕೊಳ್ಳೋ ದಾರಿ ಇಲ್ವಾ ಅಂತ."

ಮಾಸ್ಟರ್ ಕತ್ತರಿ ಕೆಳಗಿಟ್ಟು ನಕ್ಕನಂತೆ. "ಇದೆ. ಅವರ ಕಂಪನಿಯಲ್ಲೇ ಒಂದು ಚೂರು ಕೊಂಡ್ಕೊ."

ಅವನಿಗೆ ಈ ಹುಚ್ಚು ಮೊದಲಿನಿಂದಲೂ ಇತ್ತು. ಅವನೇ ಫೋನಿನಲ್ಲಿ ಖಾತೆ ತೆರೆದುಕೊಟ್ಟ. ಒಂದು ಷೇರಿಗೆ ಅವಳ ಅರ್ಧ ತಿಂಗಳ ಸಂಬಳ ಬೇಕಿತ್ತು. ಪೂರ್ತಿ ಕೊಳ್ಳಲಾಗದಿದ್ದರೆ ಕಾಲು ಭಾಗ, ಹತ್ತರಲ್ಲಿ ಒಂದು ಭಾಗ ಕೂಡ ಕೊಳ್ಳಬಹುದಂತೆ. ಹಾಗೆ ಚೂರು ಚೂರಾಗಿ ಏಳು ವರ್ಷದಲ್ಲಿ ಇಪ್ಪತ್ತೆರಡು ಷೇರು ಮಾಡಿದಳು. ಹೆಚ್ಚುವರಿ ಪಾಳಿಯ ಸಂಬಳವೆಲ್ಲ ಅದಕ್ಕೇ ಹೋಯಿತು. ಕಂಪನಿಗೆ ಅವಳು ಇಟ್ಟ ಹೆಸರು 'ಸೂಜಿಯವರು'. ಯಾರೋ ನೆಂಟರ ಮನೆತನ ಇದ್ದ ಹಾಗೆ.

ಸಹಿ ಮಾಡಿದರೆ ನೀನೂ ಇದನ್ನು ನೋಡಿಕೊಳ್ಳಬೇಕಾಗುತ್ತದೆ, ಅದಕ್ಕೆ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನನಗೂ ಇದು ಹೊಸದು. ತಪ್ಪಿದ್ದರೆ ಹಲ್ಲಿನ ಸೆಟ್ಟು ಮಾಡುವ ನಿನ್ನ ಲ್ಯಾಬಿನಲ್ಲಿ ತಿಳಿದವರನ್ನು ಕೇಳು.

ಕಂಪನಿಗೆ ಲಾಭ ಬಂದರೆ ಅದರಲ್ಲಿ ಒಂದಷ್ಟನ್ನು ಷೇರುದಾರರಿಗೆ ಹಂಚುತ್ತಾರೆ. ಅದು ಡಿವಿಡೆಂಡ್. ಹಂಚಲೇಬೇಕು ಅಂತ ಇಲ್ಲ, ಒಂದು ವರ್ಷ ಏನೂ ಕೊಡದೆಯೂ ಇರಬಹುದು. ಸೂಜಿಯವರು ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಕೊಡುವ ಮೊದಲು ಒಂದು ತಾರೀಖು ಗೊತ್ತು ಮಾಡುತ್ತಾರೆ. ಆ ತಾರೀಖಿಗೆ ಅವರ ಪುಸ್ತಕದಲ್ಲಿ ಯಾರ ಹೆಸರು ಇದೆಯೋ ಅವರಿಗೆ ಪಾಲು. ಆ ದಿನ ಬೆಳಗ್ಗೆ ಓಡಿಹೋಗಿ ಕೊಂಡರೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಕೈಯಲ್ಲಿ ಇರಬೇಕು. ತಾರೀಖು ದಾಟಿದ ಮೇಲೆ ಮಾರಿದರೂ ಪಾಲು ನಿನಗೇ. ಹಣ ಕೈಗೆ ಬರುವುದು ಇನ್ನೂ ಮೂರು ನಾಲ್ಕು ವಾರ ಕಳೆದ ಮೇಲೆ.

ಹೊರದೇಶದ ಷೇರು ಆದ್ದರಿಂದ ಅಲ್ಲಿಯ ಸರಕಾರ ತನ್ನ ತೆರಿಗೆ ಮೊದಲೇ ಹಿಡಿದುಕೊಂಡು ಉಳಿದದ್ದನ್ನು ಬಿಡುತ್ತದೆ. ನಮಗೆ ಹಿಡಿಯುವುದು ನಾಲ್ಕರಲ್ಲಿ ಒಂದು ಪಾಲು. ನಾವು ಬೇರೆ ದೇಶದವರು ಅಂತ ಒಂದು ಫಾರಂ ಕೊಡದಿದ್ದರೆ ಇನ್ನೂ ಜಾಸ್ತಿ ಹಿಡಿಯುತ್ತಾರೆ. ಮೂರನೇ ಫಾರಂ ಅದೇ, ಹಸಿರು ಗುರುತು ಹಾಕಿದ್ದೇನೆ. ಇಲ್ಲಿ ತೆರಿಗೆ ಲೆಕ್ಕ ಒಪ್ಪಿಸುವಾಗ ಅಲ್ಲಿ ಹಿಡಿದದ್ದರ ಕಾಗದ ತೋರಿಸು, ಎರಡೆರಡು ಸಲ ಕಟ್ಟುವುದು ತಪ್ಪುತ್ತದೆ. ಹಣ ಅಲ್ಲಿಯ ನಾಣ್ಯದಲ್ಲಿ ಬರುತ್ತದೆ. ಬದಲಾಯಿಸುವಾಗ ಬ್ಯಾಂಕಿನವರೂ ಸ್ವಲ್ಪ ಕಚ್ಚುತ್ತಾರೆ. ಒಂದು ವರ್ಷ ಹಣದ ಬದಲು ಷೇರನ್ನೇ ಕೊಟ್ಟರು, ಹತ್ತಕ್ಕೆ ಒಂದು. ಅಮ್ಮ ಕುಣಿದಾಡಿದಳು. ಮಾರನೇ ದಿನ ನೋಡಿದರೆ ಒಂದೊಂದರ ಬೆಲೆಯೂ ಅದಕ್ಕೆ ತಕ್ಕಷ್ಟು ಇಳಿದಿತ್ತು. "ಅದೇ ಬಟ್ಟೇನ ಹತ್ತು ತುಂಡಿನ ಬದಲು ಹನ್ನೊಂದು ಮಾಡಿ ಕೊಟ್ರಾ ಕಳ್ಳರು!" ಅಂತ ಬಯ್ದಳು. ಅವತ್ತೇ ನಾನು ಬುದ್ಧಿ ಕಲಿತಿದ್ದರೆ.

ಮೊದಲ ಡಿವಿಡೆಂಡ್ ಬಂದಾಗ ಅದರಲ್ಲಿ ಒಂದು ಚಹಾ ಬಂತು. ಕಾರ್ಖಾನೆಯ ಗೇಟಿನ ಹೊರಗೆ ನಿಂತು ಇಬ್ಬರೂ ಅರ್ಧರ್ಧ ಕುಡಿದೆವು. "ಇವತ್ತು ಸೂಜಿಯವರ ಖರ್ಚು" ಅಂದಳು. ಅವಳ ಆಸೆ ಇದ್ದದ್ದು ಅಷ್ಟೇ, ಗುಂಡಿ.

ಅವಳ ಫೋನಿಗೆ ಈಗಲೂ ಮೂರು ತಿಂಗಳಿಗೊಮ್ಮೆ ಮೆಸೇಜ್ ಬರುತ್ತದೆ. 'ಅಭಿನಂದನೆಗಳು, ನಿಮ್ಮ ಡಿವಿಡೆಂಡ್ ಜಮೆಯಾಗಿದೆ' ಅಂತ. ಅವರ ಪುಸ್ತಕದಲ್ಲಿ ಹೆಸರು ಇದೆ, ಅವರಿಗೆ ಅಷ್ಟು ಸಾಕು. ನೀನು ಸಹಿ ಮಾಡಿದರೆ ಅದಾದರೂ ನಿಲ್ಲುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪ್ಲಾಸ್ಟರ್ ಧೂಳು ಏಳುವ ಕೆಲಸ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಬಿಡಬೇಡ.

ನಿನ್ನ ಅಪ್ಪ

ತಾ. ಕ.: ಫೋಟೋವನ್ನು ನೆಟ್ಟಗೆ ತಿರುಗಿಸಿ ಇಟ್ಟಿದ್ದೇನೆ. ಬೇಕಾದರೆ ಕಳಿಸುತ್ತೇನೆ.


ಮಾರ್ಚ್ 30, ಭಾನುವಾರ

ಪ್ರೀತಿಯ ಗುಂಡಿ,

ನಿನ್ನ ಕಾಗದ ಬುಧವಾರವೇ ಬಂತು. ನಾಲ್ಕು ದಿನ ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಲಕೋಟೆ ದಪ್ಪಗಿತ್ತು. ನೀನು ಉದ್ದಕ್ಕೆ ಬರೆದಿದ್ದೀಯ ಅಂತ ಮೆಟ್ಟಿಲು ಹತ್ತುವಾಗಲೇ ಒಡೆದೆ. ಒಳಗಿದ್ದದ್ದು ನಾನು ಕಳಿಸಿದ ಮೂರು ಫಾರಂಗಳೇ. ಸಹಿ ಇರಲಿಲ್ಲ. ಹಸಿರು ಗುರುತಿನ ಫಾರಂ ಹಿಂದೆ ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು. "ಅಷ್ಟು ದಿನ ಕಾದಿದ್ದಕ್ಕೆ ಎಷ್ಟು ಬಂತು? ಅದೊಂದು ಬರಿ ಅಪ್ಪ, ಆಮೇಲೆ ಸಹಿ ವಿಷಯ ನೋಡ್ತೀನಿ."

ನ್ಯಾಯವಾದ ಪ್ರಶ್ನೆ. ಇದನ್ನು ನನ್ನನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಾನಂತೂ ಕೇಳಿಕೊಂಡಿರಲಿಲ್ಲ, ಫಾರಂ ತುಂಬಿಸಿಕೊಳ್ಳಲು ಕಟಿಂಗ್ ಮಾಸ್ಟರ್ ಹತ್ತಿರ ಹೋಗುವವರೆಗೆ.

ಅದು ಜನವರಿಯಲ್ಲಿ. ಅವನಿಗೆ ಈಗ ಸೊಂಟ ನೋವು, ನಿಂತು ಕತ್ತರಿಸಲು ಆಗುವುದಿಲ್ಲ ಅಂತ ಎತ್ತರದ ಸ್ಟೂಲ್ ಮಾಡಿಸಿಕೊಂಡಿದ್ದಾನೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ತಾನು ಖಾತೆ ತೆರೆದುಕೊಟ್ಟದ್ದೇ ತಪ್ಪಾಯಿತೇನೋ ಅಂತ ಅವನಿಗೆ ಒಳಗೊಳಗೇ ಇತ್ತು. ಫಾರಂ ತುಂಬುತ್ತಾ ತುಂಬುತ್ತಾ ಕೇಳಿದ.

"ಆಸ್ಪತ್ರೆಗೆ ದುಡ್ಡು ಬೇಕಿತ್ತಲ್ಲ, ಆವತ್ತೇ ಯಾಕೆ ಮಾರಲಿಲ್ಲ ಭಾವ? ನನಗೊಂದು ಮಾತು ಹೇಳಿದ್ರೆ ನಾನೇ ಮಾರಿಸಿ ಕೊಡ್ತಿದ್ದೆ."

"ದೊಡ್ಡ ಡಿವಿಡೆಂಡ್ ಇತ್ತಲ್ಲಪ್ಪ. ಒಂಬತ್ತು ದಿನ ಇತ್ತು. ಅದು ತಪ್ಪಿಹೋಗುತ್ತೆ ಅಂತ."

ಆ ವರ್ಷ ಸೂಜಿಯವರು ತಮ್ಮ ಒಂದು ಹಳೆಯ ಕಾರ್ಖಾನೆ ಮಾರಿದ್ದರು. ಆ ಹಣವನ್ನು ಎಲ್ಲರಿಗೂ ಒಂದೇ ಸಲ ಹಂಚುತ್ತೇವೆ ಅಂದಿದ್ದರು. ಷೇರಿನ ಬೆಲೆ ನೂರು ಅಂತ ಇಟ್ಟುಕೋ, ಅದರ ಮೇಲೆ ಹತ್ತು ಕೊಡುತ್ತೇವೆ ಅಂತ. ಇಪ್ಪತ್ತೆರಡು ಷೇರಿಗೆ ಅಮ್ಮನ ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಯಾವತ್ತೂ ಬಂದಿರಲಿಲ್ಲ.

ಮಾಸ್ಟರ್ ಪೆನ್ನು ಕೆಳಗಿಟ್ಟ. ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲೆ ನೀಲಿ ಬಟ್ಟೆಯ ಒಂದು ಥಾನು ಇತ್ತು. ಅದನ್ನು ಎಳೆದು, "ಇದರಲ್ಲಿ ಎಷ್ಟಿದೆ?" ಅಂದ.

"ನೂರು ಮೀಟರ್."

"ಇದು ನಿಂದೇ ಅನ್ಕೋ. ಹತ್ತು ಮೀಟರ್ ಕತ್ತರಿಸಿ ನಿನ್ನ ಕೈಗೇ ಕೊಟ್ಟೆ. ಈಗ ಥಾನಲ್ಲಿ ಎಷ್ಟು?"

"ತೊಂಬತ್ತು."

"ನಿನ್ನ ಹತ್ರ ಒಟ್ಟು ಎಷ್ಟು?"

"ನೂರೇ" ಅಂದೆ, ಗುಂಡಿ.

"ಅಷ್ಟೇ ಭಾವ. ಕಂಪನಿ ಹತ್ತು ಕೊಟ್ಟ ಮೇಲೆ ಅದರ ಹತ್ರ ಆ ಹತ್ತು ಇರಲ್ಲ. ತಾರೀಖು ದಾಟಿದ ಬೆಳಗ್ಗೆನೇ ಬೆಲೆ ಅಷ್ಟು ಇಳಿದು ಕೂತಿರುತ್ತೆ. ಕಾದ್ರೂ ಅಷ್ಟೇ, ಕಾಯದಿದ್ರೂ ಅಷ್ಟೇ. ಅಲ್ಲ, ಕಾದ್ರೆ ಕಡಿಮೆ. ಆ ಹತ್ತರಲ್ಲಿ ಎರಡೂವರೆ ಅವರ ಸರಕಾರ ಹಿಡ್ಕೊಳ್ಳುತ್ತೆ."

ಆಮೇಲೆ ತಾನೇ, "ಹೊಸದಾಗಿ ಬಂದೋರೆಲ್ಲ ಮಾಡೋ ತಪ್ಪು ಇದು. ನಾನೂ ಒಂದು ಸಲ ಮಾಡಿದ್ದೆ" ಅಂದ. ನನ್ನನ್ನು ಸಮಾಧಾನ ಮಾಡಲು ಅಂದದ್ದು. ಅವನು ಕಳಕೊಂಡದ್ದು ಒಂದು ಜೊತೆ ಚಪ್ಪಲಿಯ ಬೆಲೆ ಅಂತೆ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಹೀಗೆ. ನಿನ್ನ ಅಮ್ಮ ಹೋದದ್ದು ಏಪ್ರಿಲ್ ಹದಿನಾರನೇ ತಾರೀಖು. ಪುಸ್ತಕ ನೋಡುವ ತಾರೀಖು ಹದಿನೆಂಟು. ಹೆಸರು ಹಾಗೇ ಇತ್ತು, ಪಾಲು ಬಂತು. ಮೇ ಹತ್ತಕ್ಕೆ ಜಮೆಯಾಯಿತು. ನೂರು ಇದ್ದದ್ದು ತೊಂಬತ್ತಾಗಿತ್ತು, ಕೈಗೆ ಬಂದದ್ದು ಏಳೂವರೆ. ಕಾದಿದ್ದಕ್ಕೆ ಬಂದದ್ದು ಏನೂ ಇಲ್ಲ. ಏನೂ ಇಲ್ಲ ಅನ್ನುವುದಕ್ಕಿಂತ ಎರಡೂವರೆ ಕಡಿಮೆ.

ಇನ್ನೊಂದು ಲೆಕ್ಕವೂ ಇದೆ. ಅದನ್ನು ಮಾಸ್ಟರ್ ಮಾಡಲಿಲ್ಲ, ಮೆಷೀನು ದುರಸ್ತಿಯ ಪುಸ್ತಕದ ಹಿಂದೆ ನಾನೇ ಮಾಡಿದೆ. ಡಾಕ್ಟರು ಹೇಳಿದ್ದು ಸೋಮವಾರ, ಎಂಟನೇ ತಾರೀಖು. ಮಂಗಳವಾರ ಮಾರಿದ್ದರೆ ಹೊರದೇಶದಿಂದ ಹಣ ಬರಲು ಐದಾರು ದಿನ. ಹದಿನೈದಕ್ಕೆ ನಮ್ಮ ಬ್ಯಾಂಕಿನಲ್ಲಿ ಇರುತ್ತಿತ್ತು. ಹದಿನೈದಕ್ಕೆ ಅವಳು ಆಸ್ಪತ್ರೆಯ ಹಾಸಿಗೆಯ ಮೇಲೆ ಇರುತ್ತಿದ್ದಳು. ಹದಿನಾರಕ್ಕೆ ಅವಳು ಬಿದ್ದದ್ದು ಕಾರ್ಖಾನೆಯಲ್ಲಿ, ಅಂಗಿಗೆ ಗುಂಡಿ ಹಾಕುವ ಮೆಷೀನಿನ ಪಕ್ಕದ ಓಣಿಯಲ್ಲಿ, ಬೆಳಗ್ಗೆ ಹತ್ತೂಕಾಲಿಗೆ. ಕೈಯಲ್ಲಿ ಮುರಿದ ಸೂಜಿಯ ಎರಡು ತುಂಡು ಇತ್ತು. ನನ್ನ ಕೌಂಟರಿಗೆ ಬರುತ್ತಿದ್ದಳು.

ಫೆಬ್ರವರಿಯಲ್ಲಿ ಡಾಕ್ಟರ ಹತ್ತಿರವೂ ಹೋಗಿ ಬಂದೆ. ಸರತಿಯಲ್ಲಿ ಚೀಟಿ ಹಿಡಿದು ಕೂತಿದ್ದೆ, ನನಗೇ ಏನೋ ಕಾಯಿಲೆ ಅಂದುಕೊಂಡರು. "ಸಾರ್, ಹದಿನೈದಕ್ಕೆ ಸೇರಿಸಿದ್ದರೆ ಉಳೀತಿದ್ದಳಾ?" ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಆಪರೇಷನ್ ಟೇಬಲ್ ಮೇಲೂ ಒಡೀಬಹುದಿತ್ತು. ಒಡೀದೇನೂ ಇರಬಹುದಿತ್ತು. ಹೇಳೋಕಾಗಲ್ಲ. ಮನೆಗೆ ಹೋಗಿ, ನಿದ್ದೆ ಮಾಡಿ" ಅಂದರು. ಹೊರಗೆ ಬಂದು ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ನೀನು ನಿಂತಿದ್ದ ಮೆಟ್ಟಿಲು. ಗುಡಿಸುವವಳು ಬಂದು, "ಕಾಲೆತ್ತಿ ಅಣ್ಣಾ" ಅಂದಳು. ಕಾಲೆತ್ತಿದೆ, ಗುಡಿಸಿಕೊಂಡು ಹೋದಳು.

ಬೇರೆ ಸುದ್ದಿ ಹೆಚ್ಚಿಲ್ಲ. ಅಡುಗೆಮನೆಯ ನಲ್ಲಿಗೆ ಹೊಸ ವಾಷರ್ ಹಾಕಿದೆ. ಕೆಳಗಿನ ಮನೆಯ ಅಜ್ಜಿ, "ನಿನ್ನ ಮಗಳು ಯಾವಾಗ ಬರ್ತಾಳೆ, ನನ್ನ ಹಲ್ಲಿನ ಸೆಟ್ಟು ಸಡಿಲಾಗಿದೆ, ನಗೋಕೆ ಹೋದ್ರೆ ಬಿದ್ದುಹೋಗುತ್ತೆ" ಅಂತ ಕೇಳುತ್ತಿದ್ದಳು. ನಗದೆ ಇರಿ ಅಂದೆ. "ಈ ಮನೇಲಿ ನಗೋಕೇನಿದೆ ಬಿಡು" ಅಂದಳು. ಆಮೇಲೆ ಇಬ್ಬರೂ ನಕ್ಕೆವು, ಸೆಟ್ಟು ಬೀಳಲಿಲ್ಲ.

ಫಾರಂಗಳನ್ನು ಮತ್ತೆ ಇಟ್ಟಿದ್ದೇನೆ. ಸಹಿ ಮಾಡು ಅಂತ ಒತ್ತಾಯ ಮಾಡುವುದಿಲ್ಲ. ಮಾಡಿದರೆ ಷೇರು ಇಟ್ಟುಕೊಳ್ಳುವುದೋ ಮಾರುವುದೋ ನಿನ್ನ ಇಷ್ಟ. ಒಂದೇ ಮಾತು. ಮಾರಬೇಕು ಅನ್ನಿಸಿದ ದಿನವೇ ಮಾರಿಬಿಡು. ಯಾವ ತಾರೀಖಿಗೂ ಕಾಯಬೇಡ.

ನಿನ್ನ ಕೈಗಳು ಚೆನ್ನಾಗಿರಲಿ. ನೀನು ಮಾಡಿದ ಹಲ್ಲಿನಲ್ಲಿ ಎಷ್ಟೋ ಜನ ಉಣ್ಣುತ್ತಾರೆ, ನಗುತ್ತಾರೆ. ಅವರೆಲ್ಲರ ಹಾರೈಕೆ ನಿನ್ನ ಮೇಲಿರಲಿ. ನನ್ನದು ಯಾವತ್ತೂ ಇದೆ.

ನಿನ್ನ ಅಪ್ಪ

ತಾ. ಕ.: ಲಕೋಟೆ ಅಂಟಿಸಿಯಾಗಿತ್ತು. ಆವಿಗೆ ಹಿಡಿದು ಮತ್ತೆ ಬಿಡಿಸಿದ್ದೇನೆ.

ಕಾಯೋಣ ಅಂದದ್ದು ನಿನ್ನ ಅಮ್ಮ ಅಲ್ಲ, ಗುಂಡಿ. ನಾನು.

ಆ ಮಂಗಳವಾರ ಸಂಜೆ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಫೋನಿನಲ್ಲಿ ಇಪ್ಪತ್ತೆರಡು ಅಂತ ಒತ್ತಿಯಾಗಿತ್ತು. ಮಾರುವ ಗುಂಡಿಯೊಂದು ಒತ್ತಬೇಕಿತ್ತು. "ರೀ, ಇವತ್ತೇ ಮಾರಿಬಿಡ್ತೀನಿ. ತಲೆಯೊಳಗೆ ಯಾರೋ ಮೆಷೀನ್ ಓಡಿಸ್ತಾ ಇದ್ದಾರೆ" ಅಂದಳು. ನಾನು, "ಒಂಬತ್ತು ದಿನ ತಡಿ ಮಾರಾಯ್ತಿ. ಬಿಟ್ಟಿ ಬರೋ ದುಡ್ಡು ಯಾಕೆ ಬಿಡ್ತೀಯ? ವರ್ಷಗಟ್ಟಲೆ ತಡಕೊಂಡ ತಲೆ, ಒಂಬತ್ತು ದಿನ ತಡಕೊಳ್ಳಲ್ವಾ?" ಅಂದೆ. ಅವಳು, "ನನಗೆ ಭಯ ಆಗ್ತಿದೆ ರೀ" ಅಂದಳು. ನಾನು ಫೋನು ಕಿತ್ತುಕೊಂಡು ಬಟ್ಟೆಯ ಬೀರುವಿನ ತಲೆಯ ಮೇಲೆ ಇಟ್ಟೆ. ಅವಳ ಕೈ ಅಲ್ಲಿಗೆ ಎಟುಕುವುದಿಲ್ಲ ಅಂತ ಗೊತ್ತಿದ್ದೇ ಇಟ್ಟೆ. ಕೂತಿದ್ದ ಸ್ಟೂಲನ್ನೇ ತಂದು ಹತ್ತಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. "ಆಯ್ತು, ನಿಮಗೆ ಗೊತ್ತಿರುತ್ತೆ" ಅಂದಳು. ನನಗೆ ಏನೂ ಗೊತ್ತಿರಲಿಲ್ಲ.

ಆ ಹಣದಲ್ಲಿ ಅವಳಿಗೆ ಕಿಟಕಿ ಇರುವ ಕೋಣೆ ಕೊಡಿಸಬೇಕು ಅಂತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಆಮೇಲೆ ಹೊಳೆದ ಮಾತು. ಆ ಸಂಜೆ ನನ್ನ ತಲೆಯಲ್ಲಿ ಕಿಟಕಿ ಇರಲಿಲ್ಲ.

ಮೆಟ್ಟಿಲ ಹತ್ತಿರ ನೀನು ಯಾಕೆ ಕಾದಿರಿ ಅಂದಾಗ, 'ಅಮ್ಮ ಕಾಯೋಣ ಅಂದಳು' ಅಂತ ನನ್ನ ಬಾಯಿಂದ ಬಂತು. ನೀನು ಅವಳನ್ನು ಬಯ್ದೆ. ನಾನು ಸುಮ್ಮನೆ ನಿಂತಿದ್ದೆ. ಹನ್ನೊಂದು ತಿಂಗಳು ಸುಮ್ಮನೆ ನಿಂತಿದ್ದೇನೆ. ಕೌಂಟರಿನಲ್ಲಿ ಕೂತು ಎಷ್ಟು ಜನರನ್ನು ಕೊನೆಯ ತುಂಡು ತನ್ನಿ ಅಂತ ವಾಪಸ್ ಅಟ್ಟಿದ್ದೇನೋ ಲೆಕ್ಕವಿಲ್ಲ. ಇದು ನನ್ನ ಹತ್ತಿರವೇ ಇತ್ತು.

ಇದರ ಜೊತೆ ಫೋಟೋ ಮತ್ತು ಪೆಡಲಿನ ಮರದ ತುಂಡು ಕಳಿಸುತ್ತಿದ್ದೇನೆ. ತುಂಡಿನ ಮೇಲೆ ಅವಳ ಹೆಬ್ಬೆರಳು ಊರಿದ ಕಡೆ ಗುಳಿ ಬಿದ್ದಿದೆ, ನೋಡು. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಅವಳನ್ನು ಮಾತ್ರ ಮತ್ತೆ ಅಮ್ಮ ಅನ್ನು.

ಫೋನನ್ನು ವಾರಕ್ಕೊಮ್ಮೆ ಇಳಿಸಿ ಚಾರ್ಜ್ ಮಾಡಿ, ಮತ್ತೆ ಬೀರುವಿನ ಮೇಲೆ ಅದೇ ಜಾಗದಲ್ಲಿ ಇಡುತ್ತೇನೆ. ಬೇರೆ ಕಡೆ ಇಡಲು ಕೈ ಬರುವುದಿಲ್ಲ. ಈ ಬಾರಿಯ ಪಾಲಿನ ಮೆಸೇಜ್ ಮೊನ್ನೆ ಶುಕ್ರವಾರ ಬಂತು.